ಫೋರ್ಟ್ರಾನ್ ರನ್‌ಟೈಮ್ ಲೈಬ್ರರಿಯಲ್ಲಿ ಬಫರ್ ವ್ಯವಸ್ಥೆ

ಫೋರ್ಟ್ರಾನ್ ಪ್ರೋಗ್ರಾಂನಲ್ಲಿ ರೀಡ್, ರೈಟ್ ಎಂದು ಒಂದು ಸಾಲು ಬರೆದರೆ ಸಾಕು, ಫೈಲಿನಿಂದ ಅಂಕಿಗಳು ಬರುತ್ತವೆ, ಫೈಲಿಗೆ ಹೋಗುತ್ತವೆ. ಆ ಒಂದು ಸಾಲಿನ ಹಿಂದೆ ದುಡಿಯುವುದು ಕಂಪೈಲರ್ ಜೊತೆಗೇ ಬರುವ ರನ್‌ಟೈಮ್ ಲೈಬ್ರರಿ. ಅದು ಪ್ರತಿ ಅಂಕಿಗೂ ಡಿಸ್ಕಿನವರೆಗೆ ಹೋಗಿಬರುವುದಿಲ್ಲ. ಮೆಮೊರಿಯಲ್ಲಿ ಒಂದಿಷ್ಟು ಜಾಗ ಕಾದಿರಿಸಿಕೊಂಡು, ಬರೆಯಬೇಕಾದದ್ದನ್ನು ಅಲ್ಲಿ ಕೂಡಿಹಾಕಿ ಒಟ್ಟಿಗೆ ಸಾಗಿಸುತ್ತದೆ. ಓದುವಾಗ ಕೇಳಿದ್ದಕ್ಕಿಂತ ಹೆಚ್ಚು ತಂದಿಟ್ಟುಕೊಂಡು ಬೇಕಾದಾಗ ಕೊಡುತ್ತದೆ. ಹೀಗೆ ಕಾದಿರಿಸಿದ ಜಾಗಕ್ಕೆ ಬಫರ್ ಎಂದು ಹೆಸರು. ಸಿಂಧನೂರಿನ ರೈತ ಭತ್ತವನ್ನು ಗಿರಣಿಗೆ ಬೊಗಸೆಯಲ್ಲಿ ಒಯ್ಯದೆ ಚೀಲ ತುಂಬಿಸಿ ಲಾರಿಗೆ ಏರಿಸುವ ಲೆಕ್ಕವೇ ಇಲ್ಲಿಯದೂ.

ಬಫರಿನ ಅಳತೆ ಎಷ್ಟಿರಬೇಕು, ಯಾವಾಗ ಅದನ್ನು ಬದಿಗಿಟ್ಟು ನೇರವಾಗಿ ಓದಬೇಕು, ಯಾವಾಗ ಖಾಲಿ ಮಾಡಬೇಕು ಎಂಬುದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಹವಾಮಾನ, ಜಲವಿಜ್ಞಾನ, ವಿಮಾನ ವಿನ್ಯಾಸದ ಎಷ್ಟೋ ಪ್ರೋಗ್ರಾಂಗಳು ಇಂದಿಗೂ ಫೋರ್ಟ್ರಾನ್‌ನಲ್ಲೇ ಇವೆ. ದಶಕಗಳ ಹಿಂದೆ ಬರೆದ ಅವನ್ನು ಮತ್ತೆ ಬರೆಯಲು ಯಾರಿಗೂ ಪುರುಸೊತ್ತಿಲ್ಲ. ಬರೆಯುವುದು ಕ್ಷೇಮವೂ ಅಲ್ಲ. ಲೈಬ್ರರಿಯ ಒಳಗೆ ಒಂದು ಕಡೆ ಸುಧಾರಿಸಿದರೆ ಆ ಎಲ್ಲ ಪ್ರೋಗ್ರಾಂಗಳಿಗೂ, ಒಂದು ಸಾಲೂ ಬದಲಾಗದೆ, ಅದರ ಫಲ ಸಿಗುತ್ತದೆ. ಈ ಕೆಲಸದ ಮಹತ್ವ ಇರುವುದು ಇಲ್ಲಿ.

ಬಫರ್ ಏಕೆ ಬೇಕು

ಫೈಲ್ ಓದಲು, ಬರೆಯಲು ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂನ ಕರ್ನಲನ್ನು ಕೇಳಬೇಕು. ಈ ಕೋರಿಕೆಗೆ ಸಿಸ್ಟಂ ಕಾಲ್ ಎನ್ನುತ್ತಾರೆ. ಒಂದೊಂದಕ್ಕೂ ನೂರಾರು ನ್ಯಾನೊಸೆಕೆಂಡು ಹಿಡಿಯಬಹುದು. ಒಂದು ಕೂಡುವ ಲೆಕ್ಕಕ್ಕೆ ಒಂದು ನ್ಯಾನೊಸೆಕೆಂಡೂ ಬೇಡ. ನಾಲ್ಕು ಬೈಟಿನ ಒಂದು ಕೋಟಿ ಅಂಕಿಗಳನ್ನು ಒಂದೊಂದಾಗಿ ಬರೆಯುವ ಪ್ರೋಗ್ರಾಂ ಇದೆ ಎನ್ನಿ. ಬಫರ್ ಇಲ್ಲದಿದ್ದರೆ ಒಂದು ಕೋಟಿ ಸಿಸ್ಟಂ ಕಾಲ್. 8,192 ಬೈಟಿನ ಬಫರ್ ಇದ್ದರೆ 4,883. ಅದನ್ನೇ 1,31,072 ಬೈಟಿಗೆ ಏರಿಸಿದರೆ 306. ಮೊದಲ ಇಳಿಕೆಯ ಲಾಭ ಅಪಾರ, ಎರಡನೆಯದು ಅದರ ಮುಂದೆ ಚಿಕ್ಕದು. ಅಲ್ಲಿಂದ ಮುಂದೆ ಬಫರ್ ಎಷ್ಟು ಹಿಗ್ಗಿಸಿದರೂ ಬರುವ ಲಾಭ ಕಡಿಮೆಯಾಗುತ್ತಲೇ ಹೋಗುತ್ತದೆ.

ಹಿನ್ನೆಲೆ

1957ರಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಐಬಿಎಂ 704 ಯಂತ್ರಕ್ಕಾಗಿ ಫೋರ್ಟ್ರಾನ್ ಹೊರತಂದಾಗ ದತ್ತಾಂಶ ಬರುತ್ತಿದ್ದದ್ದು 80 ಕಾಲಂಗಳ ರಂಧ್ರಕಾರ್ಡಿನಿಂದ, ಕಾಂತೀಯ ಟೇಪಿನಿಂದ. ಫೋರ್ಟ್ರಾನ್‌ನಲ್ಲಿ ಇಂದಿಗೂ ಉಳಿದಿರುವ ರೆಕಾರ್ಡ್ ಎಂಬ ಕಲ್ಪನೆ ಆ ಕಾಲದ್ದು: ಒಂದು ಕಾರ್ಡ್ ಒಂದು ರೆಕಾರ್ಡ್, ಟೇಪಿನ ಒಂದು ಖಂಡ ಒಂದು ರೆಕಾರ್ಡ್. ಟೇಪ್ ಓಡುತ್ತಿರುವಾಗ ಪ್ರೊಸೆಸರ್ ಸುಮ್ಮನೆ ಕಾಯಬಾರದೆಂದು ಎರಡು ಬಫರ್ ಇಟ್ಟುಕೊಂಡು, ಒಂದರಲ್ಲಿ ಲೆಕ್ಕ ನಡೆಯುವಾಗ ಇನ್ನೊಂದನ್ನು ತುಂಬಿಸುವ ಪದ್ಧತಿ ಬೇಗನೆ ಬಂತು. ಕಂಟ್ರೋಲ್ ಡೇಟಾ ಕಂಪನಿಯ ಫೋರ್ಟ್ರಾನ್‌ನಲ್ಲಂತೂ ಬಫರ್ ಇನ್, ಬಫರ್ ಔಟ್ ಎಂಬ ಹೇಳಿಕೆಗಳೇ ಇದ್ದವು. ಬಫರಿನ ಉಸ್ತುವಾರಿ ಪ್ರೋಗ್ರಾಂ ಬರೆಯುವವರದ್ದೇ ಆಗಿತ್ತು.

ಭಾರತಕ್ಕೆ ಫೋರ್ಟ್ರಾನ್ ಬಂದ ದಾರಿಯಲ್ಲಿ ಎರಡು ಮೈಲಿಗಲ್ಲುಗಳು ಎದ್ದು ಕಾಣುತ್ತವೆ: 1963ರಲ್ಲಿ ಕಾನ್ಪುರದ ಐಐಟಿಗೆ ಬಂದ ಐಬಿಎಂ 1620, 1964ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದ ಸಿಡಿಸಿ 3600. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರ ಐಬಿಎಂ 360/44 ಯಂತ್ರದೊಂದಿಗೆ ಶುರುವಾಯಿತು. ಕಾನ್ಪುರದಲ್ಲಿ ಪಾಠ ಹೇಳುತ್ತಿದ್ದ ವಿ. ರಾಜಾರಾಮನ್ 1982ರಲ್ಲಿ ಬೆಂಗಳೂರಿನ ಈ ಸಂಸ್ಥೆಗೆ ಬಂದು ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವನ್ನು ಮುನ್ನಡೆಸಿದರು. ಕಡಿಮೆ ಬೆಲೆಗೆ ಸಿಗುತ್ತಿದ್ದ ಅವರ ಫೋರ್ಟ್ರಾನ್ ಪುಸ್ತಕಗಳಿಂದ ಕಲಿತ ಎಂಜಿನಿಯರುಗಳು ಕರ್ನಾಟಕದ ಊರೂರಲ್ಲಿದ್ದಾರೆ.

ಲೈಬ್ರರಿಯ ಒಳಗೆ

ಫೋರ್ಟ್ರಾನ್ ಫೈಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಫಾರ್ಮ್ಯಾಟೆಡ್ ಫೈಲ್ ಎಂದರೆ ಮನುಷ್ಯರು ಓದಬಹುದಾದ ಅಕ್ಷರಗಳ ಸಾಲು. ಅನ್‌ಫಾರ್ಮ್ಯಾಟೆಡ್ ಎಂದರೆ ಮೆಮೊರಿಯಲ್ಲಿ ಇದ್ದ ರೂಪದಲ್ಲೇ ಇಳಿಸಿದ ಬೈಟುಗಳು. ಬಫರಿನ ಮಟ್ಟಿಗೆ ಇವೆರಡರ ಸ್ವಭಾವ ಪೂರ್ತಿ ಬೇರೆ.

ಫಾರ್ಮ್ಯಾಟೆಡ್ ಬರವಣಿಗೆಯಲ್ಲಿ ಕಾಲ ತಿನ್ನುವುದು ಹೆಚ್ಚಾಗಿ ದ್ವಿಮಾನ ಅಂಕಿಯನ್ನು ದಶಮಾನಕ್ಕೆ ತಿರುಗಿಸುವ ಕೆಲಸ. ಬಫರ್ ಎಷ್ಟೇ ದೊಡ್ಡದಿರಲಿ, ಆ ಖರ್ಚು ತಪ್ಪುವುದಿಲ್ಲ. ಜೊತೆಗೆ ಇನ್ನೊಂದು ತೊಡಕಿದೆ. ಟಿ, ಟಿಎಲ್ ಎಂಬ ಫಾರ್ಮ್ಯಾಟ್ ಸೂಚನೆಗಳು ಅದೇ ಸಾಲಿನಲ್ಲಿ ಹಿಂದಕ್ಕೆ ಹೋಗಿ ಬರೆದದ್ದರ ಮೇಲೆ ಬರೆಯಲು ಬಿಡುತ್ತವೆ. ಆದ್ದರಿಂದ ಸಾಲು ಪೂರ್ತಿಯಾಗುವವರೆಗೆ ಅದನ್ನು ಹೊರಗೆ ಬಿಡುವಂತಿಲ್ಲ. ಗ್ನೂ ಯೋಜನೆಯ ಜಿಫೋರ್ಟ್ರಾನ್ ಕಂಪೈಲರಿನ ಲೈಬ್ರರಿಯಲ್ಲಿ ಇದಕ್ಕಾಗಿಯೇ ಎಫ್‌ಬಫ್ ಎಂಬ ಇನ್ನೊಂದು ಪದರ ಇದೆ. ಸಾಲು ಮೊದಲು ಅಲ್ಲಿ ಸಿದ್ಧವಾಗಿ, ಆಮೇಲೆ ಫೈಲಿನ ಬಫರಿಗೆ ಇಳಿಯುತ್ತದೆ.

ಅನ್‌ಫಾರ್ಮ್ಯಾಟೆಡ್ ಅನುಕ್ರಮ ಫೈಲಿನಲ್ಲಿ ಪ್ರತಿ ರೆಕಾರ್ಡಿನ ತಲೆಗೂ ಬಾಲಕ್ಕೂ ಅದರ ಉದ್ದ ಹೇಳುವ ಗುರುತು ಇರುತ್ತದೆ. ಜಿಫೋರ್ಟ್ರಾನ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ನಾಲ್ಕು ಬೈಟು. ಹಿಂದಿನ ರೆಕಾರ್ಡಿಗೆ ಮರಳುವ ಬ್ಯಾಕ್‌ಸ್ಪೇಸ್ ಹೇಳಿಕೆಗೆ ಬಾಲದ ಗುರುತು ಬೇಕೇ ಬೇಕು. ಆದರೆ ರೆಕಾರ್ಡ್ ಬರೆಯಲು ಶುರುಮಾಡುವಾಗ ಅದು ಎಷ್ಟು ಉದ್ದವಾಗುತ್ತದೆ ಎಂದು ಲೈಬ್ರರಿಗೆ ಗೊತ್ತಿರುವುದಿಲ್ಲ. ತಲೆಯ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗಿ, ರೆಕಾರ್ಡ್ ಮುಗಿದ ಮೇಲೆ ಹಿಂದಿರುಗಿ ಉದ್ದವನ್ನು ತುಂಬುತ್ತದೆ. ರೆಕಾರ್ಡ್ ಬಫರಿನೊಳಗೇ ಮುಗಿದರೆ ಈ ಹಿಂದೆ-ಮುಂದೆ ಓಡಾಟ ಮೆಮೊರಿಯಲ್ಲೇ ಆಗಿಹೋಗುತ್ತದೆ. ಬಫರನ್ನು ಮೀರಿದರೆ ಪ್ರತಿ ರೆಕಾರ್ಡಿಗೂ ಬಫರ್ ಖಾಲಿ ಮಾಡು, ಹಿಂದೆ ಹೋಗು, ನಾಲ್ಕು ಬೈಟು ಬರೆ, ಮತ್ತೆ ಮುಂದೆ ಬಾ. ಅನ್‌ಫಾರ್ಮ್ಯಾಟೆಡ್ ಫೈಲಿಗೆ ದೊಡ್ಡ ಬಫರ್ ಬೇಕೆನ್ನಲು ಇದೊಂದು ಗಟ್ಟಿ ಕಾರಣ.

ಲಿಂಗಸುಗೂರಿನ ಮಳೆ ಲೆಕ್ಕ: ಒಂದು ಉದಾಹರಣೆ

ಬಫರ್ ದೊಡ್ಡದಾದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ಪರೀಕ್ಷಿಸಲು ರಾಯಚೂರು ಜಿಲ್ಲೆಯ ಮಳೆಯ ದತ್ತಾಂಶ ಸರಿಯಾದ ಸಾಮಗ್ರಿ. ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದ ಈಚಿನ ದೈನಂದಿನ ಮಳೆಯನ್ನು ದೇಶದುದ್ದಕ್ಕೂ ಕಾಲು ಡಿಗ್ರಿ ಅಂತರದ ಚೌಕಗಳಲ್ಲಿ ಜೋಡಿಸಿ ವರ್ಷಕ್ಕೊಂದು ಬೈನರಿ ಫೈಲಾಗಿ ಕೊಡುತ್ತದೆ. 6,955 ಮಳೆಮಾಪಕ ಕೇಂದ್ರಗಳ ಆಧಾರದ ಈ ದತ್ತಾಂಶದ ವಿವರಣೆ 2014ರಲ್ಲಿ ಪ್ರಕಟವಾಯಿತು. ಪೂರ್ವ ರೇಖಾಂಶ 66.5ರಿಂದ 100ರವರೆಗೆ 135 ಬಿಂದು, ಉತ್ತರ ಅಕ್ಷಾಂಶ 6.5ರಿಂದ 38.5ರವರೆಗೆ 129 ಬಿಂದು. ದಿನಕ್ಕೆ 17,415 ಅಂಕಿ, ನಾಲ್ಕು ಬೈಟಿನಂತೆ 69,660 ಬೈಟು. 365 ದಿನಕ್ಕೆ 2,54,25,900 ಬೈಟು.

ಲಿಂಗಸುಗೂರು ಪಟ್ಟಣಕ್ಕೆ ಹತ್ತಿರದ ಬಿಂದು 16.25 ಅಕ್ಷಾಂಶ, 76.5 ರೇಖಾಂಶದ್ದು. ಪಶ್ಚಿಮದಿಂದ ಎಣಿಸಿದರೆ 41ನೆಯ ಕಾಲಂ, ದಕ್ಷಿಣದಿಂದ 40ನೆಯ ಸಾಲು. ಅಂದರೆ ದಿನದ ಅಂಕಿಗಳಲ್ಲಿ 5,306ನೆಯದು. ಅದೇ ಜಿಲ್ಲೆಯ ಮಸ್ಕಿಗೆ ಹತ್ತಿರದ್ದು 5,172ನೆಯದು, ಸಿಂಧನೂರಿಗೆ 5,037ನೆಯದು. 1901ರಿಂದ 2024ರವರೆಗಿನ ಫೈಲುಗಳೆಲ್ಲ ಸೇರಿ ಸುಮಾರು 315 ಕೋಟಿ ಬೈಟು. ಅದರಲ್ಲಿ ಲಿಂಗಸುಗೂರಿನ 45,291 ದಿನಗಳ ಮಳೆ ಎಂದರೆ 1,81,164 ಬೈಟು ಮಾತ್ರ. ಹುಲ್ಲಿನ ಬಣವೆಯಲ್ಲಿ ಸೂಜಿ ಎಲ್ಲಿದೆ ಎಂಬುದು ಮೊದಲೇ ಗೊತ್ತು. ಬಣವೆಯನ್ನು ಎಷ್ಟು ಕೆದಕಬೇಕು ಎನ್ನುವುದಷ್ಟೇ ಪ್ರಶ್ನೆ.

ಫೈಲನ್ನು, ಬೈಟಿನ ಸ್ಥಾನ ಹೇಳಿ ಓದಬಹುದಾದ ಸ್ಟ್ರೀಮ್ ವಿಧಾನದಲ್ಲಿ ತೆರೆದು, ದಿನಕ್ಕೊಂದರಂತೆ ಲಿಂಗಸುಗೂರಿನ ಆ ನಾಲ್ಕು ಬೈಟಿನ ಸ್ಥಾನಕ್ಕೇ ಹೋಗಿ ಓದುವ ಪ್ರೋಗ್ರಾಂ ಬರೆದರೆ ಏನಾಗುತ್ತದೆ? ಜಿಫೋರ್ಟ್ರಾನ್ ಲೈಬ್ರರಿ ಸಣ್ಣ ಬೇಡಿಕೆ ಬಂದಾಗ, ಕೇಳಿದ ಜಾಗದಿಂದ ಮುಂದಕ್ಕೆ ಬಫರ್ ತುಂಬುವಷ್ಟು ಓದುತ್ತದೆ. 8,192 ಬೈಟಿನ ಬಫರಾದರೆ ವರ್ಷಕ್ಕೆ 365 ಸಲ ಓದು, ಒಟ್ಟು 29,90,080 ಬೈಟು. 1,31,072 ಬೈಟಿನದಾದರೆ ಒಂದು ಓದಿನಲ್ಲಿ ಮರುದಿನದ ಅಂಕಿಯೂ ಸಿಕ್ಕಿಬಿಡುತ್ತದೆ, ಓದುಗಳು 183ಕ್ಕೆ ಇಳಿಯುತ್ತವೆ. ಆದರೆ ಹೊತ್ತು ತರುವುದು 2,39,03,544 ಬೈಟು, ಹೆಚ್ಚುಕಡಿಮೆ ಇಡೀ ಫೈಲು. ಸಿಸ್ಟಂ ಕಾಲ್ ಅರ್ಧವಾಯಿತು, ಹೊರೆ ಎಂಟು ಪಟ್ಟಾಯಿತು. ಲಿನಕ್ಸ್ ಕರ್ನಲ್ ತಾನೂ ಮುಂದಿನದನ್ನು ಊಹಿಸಿ ಓದಿಟ್ಟುಕೊಳ್ಳುವುದರಿಂದ, ಒಮ್ಮೆ ಓದಿದ ಫೈಲು ಮೆಮೊರಿಯಲ್ಲೇ ಉಳಿದಿರಬಹುದಾದ್ದರಿಂದ, ಗಡಿಯಾರದಲ್ಲಿ ಈ ವ್ಯತ್ಯಾಸ ಇಷ್ಟೇ ಪ್ರಮಾಣದಲ್ಲಿ ಕಾಣುವುದಿಲ್ಲ. ನೆಟ್‌ವರ್ಕ್ ಮೇಲಿನ ಡಿಸ್ಕಿನಲ್ಲಿ ಮಾತ್ರ ಚೆನ್ನಾಗಿಯೇ ಕಾಣುತ್ತದೆ.

ಮೂರೂ ಊರುಗಳ ಮಳೆ ಬೇಕೆಂದಾಗ ಓದುವ ಕ್ರಮ ಮುಖ್ಯವಾಗುತ್ತದೆ. ಫೈಲಿನಲ್ಲಿ ದಕ್ಷಿಣದ ಸಾಲು ಮೊದಲು. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂಬ ಕ್ರಮದಲ್ಲಿ ಓದಿದರೆ ಮೂರೂ ಅಂಕಿಗಳು 1,080 ಬೈಟುಗಳ ಒಳಗಿವೆ. ಒಂದೇ ತುಂಬಿಗೆ ಮೂರೂ ಸಿಗುತ್ತವೆ. ಈ ಕ್ರಮವನ್ನು ತಿರುವುಮುರುವಾಗಿಸಿ ಲಿಂಗಸುಗೂರಿನಿಂದ ಶುರುಮಾಡಿದರೆ ಬಫರಿನ ಆರಂಭವೇ ಲಿಂಗಸುಗೂರಿನ ಸ್ಥಾನದಲ್ಲಿ. ಮಸ್ಕಿ ಅದಕ್ಕಿಂತ ಹಿಂದಿದೆ, ಬಫರನ್ನು ಮತ್ತೆ ತುಂಬಬೇಕು. ಸಿಂಧನೂರು ಇನ್ನೂ ಹಿಂದೆ, ಮತ್ತೊಮ್ಮೆ ತುಂಬಬೇಕು. 8,192 ಬೈಟಿನ ಬಫರಿನಲ್ಲಿ ವರ್ಷಕ್ಕೆ 365 ಓದಿನ ಜಾಗದಲ್ಲಿ 1,095. ಬೇಡಿಕೆಯ ಸುತ್ತಲಿನ ಒಂದು ನಿಶ್ಚಿತ ಗಡಿಯಿಂದ, ಉದಾಹರಣೆಗೆ 4,096ರ ಗುಣಕದಿಂದ, ಓದು ಶುರುಮಾಡುವ ಬಫರಾದರೆ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ. ಬಫರಿನ ಸುಧಾರಣೆ ಎಂದರೆ ಬರೀ ಅಳತೆ ಹೆಚ್ಚಿಸುವುದಲ್ಲ ಎನ್ನಲು ಇದಕ್ಕಿಂತ ಸರಳ ಸಾಕ್ಷಿ ಬೇಡ.

ದಿನದ ಇಡೀ ನಕ್ಷೆಯನ್ನು ಒಂದೇ ರೀಡ್ ಹೇಳಿಕೆಯಲ್ಲಿ, ಪೂರ್ತಿ ಅರೇ ಆಗಿ ಓದುವುದು ಇನ್ನೊಂದು ದಾರಿ. ಆಗ 69,660 ಬೈಟಿನ ಬೇಡಿಕೆ 1,31,072 ಬೈಟಿನ ಬಫರಿನ ಅರ್ಧವನ್ನು ಮೀರುತ್ತದೆ. ಇಂಥ ದೊಡ್ಡ ಬೇಡಿಕೆ ಬಂದಾಗ ಜಿಫೋರ್ಟ್ರಾನ್ ಲೈಬ್ರರಿ ಬಫರನ್ನು ಮುಟ್ಟದೆ ನೇರ ಅರೇಯೊಳಗೇ ಓದುತ್ತದೆ, ನಕಲು ಮಾಡುವ ಒಂದು ಕೆಲಸ ತಪ್ಪುತ್ತದೆ. ನಕ್ಷೆ ಬೇಕಾದವರಿಗೆ ಇದೇ ಉತ್ತಮ ವಿಧಾನ. ರೆಕಾರ್ಡಿನ ಸಂಖ್ಯೆ ಹೇಳಿ ಓದುವ ಡೈರೆಕ್ಟ್ ಆಕ್ಸೆಸ್ ಫೈಲಾಗಿ ತೆರೆಯುವವರು ರೆಕಾರ್ಡಿನ ಉದ್ದ ಕೊಡುವಾಗ ಎಚ್ಚರವಾಗಿರಬೇಕು. ಜಿಫೋರ್ಟ್ರಾನ್ ಅದನ್ನು ಬೈಟಿನಲ್ಲಿ ಎಣಿಸುತ್ತದೆ. ಇಂಟೆಲ್ ಕಂಪೈಲರ್, ಬೇರೆ ಸೂಚನೆ ಇಲ್ಲದಿದ್ದರೆ, ಅನ್‌ಫಾರ್ಮ್ಯಾಟೆಡ್ ಫೈಲಿಗೆ ನಾಲ್ಕು ಬೈಟಿನ ಪದಗಳಲ್ಲಿ ಎಣಿಸುತ್ತದೆ. 69,660 ಎಂದು ಬರೆದ ಪ್ರೋಗ್ರಾಂ ಇಂಟೆಲ್‌ನಲ್ಲಿ ಓಡಿದಾಗ ಎರಡನೆಯ ರೆಕಾರ್ಡೆಂದು ಕೇಳಿದರೆ ಬರುವುದು ಜನವರಿ 5ರ ಮಳೆ. ದೋಷದ ಸೂಚನೆ ಬರುವುದು ಫೈಲು ಮುಗಿದ ಮೇಲೆ. ಇನ್‌ಕ್ವಾಯರ್ ಹೇಳಿಕೆಯ ಐಒಲೆಂತ್ ಬಳಸಿ ಉದ್ದವನ್ನು ಕಂಪೈಲರಿನಿಂದಲೇ ಕೇಳಿ ಪಡೆಯುವುದು ಇದಕ್ಕೆ ಖಚಿತ ಪರಿಹಾರ.

ಜಿಫೋರ್ಟ್ರಾನ್‌ನಲ್ಲಿ ಆದ ಸುಧಾರಣೆಗಳು

ಗ್ನೂ ಯೋಜನೆಯ ಹಳೆಯ ಜಿ77 ಕಂಪೈಲರ್ ಬೆಲ್ ಲ್ಯಾಬ್ಸ್ ಮೂಲದ ಲೈಬ್ರರಿಯನ್ನು ಬಳಸುತ್ತಿತ್ತು; ಅದು ಸಿ ಭಾಷೆಯ ಸ್ಟ್ಯಾಂಡರ್ಡ್ ಬಫರುಗಳ ಮೇಲೆ ನಿಂತಿತ್ತು. 2005ರಲ್ಲಿ ಗ್ನೂ ಕಂಪೈಲರ್ ಸಮೂಹವಾದ ಜಿಸಿಸಿಯ 4.0 ಆವೃತ್ತಿಯ ಜೊತೆ ಬಂದ ಜಿಫೋರ್ಟ್ರಾನ್ ತನ್ನದೇ ಲೈಬ್ರರಿಯನ್ನು, ತನ್ನದೇ ಬಫರ್ ಪದರವನ್ನು ತಂದಿತು. ಹೊಸ ಲೈಬ್ರರಿ ಪಕ್ವವಾಗಲು ಕೆಲವು ವರ್ಷ ಹಿಡಿಯಿತು. ಒಳಗಿನ ರಚನೆಯನ್ನು ಓದು, ಬರೆ, ಸ್ಥಾನ ಬದಲಿಸು ಎಂಬ ಸರಳ ಕ್ರಿಯೆಗಳ ಸುತ್ತ ಮತ್ತೆ ಕಟ್ಟಿದ ಮೇಲೆ ಅದನ್ನು ಅರ್ಥಮಾಡಿಕೊಂಡು ತಿದ್ದುವುದು ಸುಲಭವಾಯಿತು.

2019ರಲ್ಲಿ ಗಮನಕ್ಕೆ ಬಂದ ಒಂದು ನಿಧಾನಗತಿ ಈ ಇತಿಹಾಸದ ಒಳ್ಳೆಯ ಅಧ್ಯಾಯ. ಬೈಟುಗಳ ಕ್ರಮ ತಿರುಗಿಸಿ, ಅಂದರೆ ಬಿಗ್ ಎಂಡಿಯನ್ ರೂಪದಲ್ಲಿ ಬರೆಯುವ ಪ್ರೋಗ್ರಾಂಗಳು ಮಾಮೂಲಿ ಬರವಣಿಗೆಗಿಂತ ಬಹಳ ಹಿಂದೆ ಬೀಳುತ್ತಿದ್ದವು. ಬೈಟು ತಿರುಗಿಸುವ ಲೆಕ್ಕವೇ ಭಾರವೆಂದು ಯಾರಿಗಾದರೂ ಅನ್ನಿಸುತ್ತದೆ. ಕಾರಣ ಬೇರೆ ಇತ್ತು. ಮಾಮೂಲಿ ಅರೇ ಇಡಿಯಾಗಿ, ಬಫರಿನ ಹಂಗಿಲ್ಲದೆ ಫೈಲಿಗೆ ಹೋಗುತ್ತಿತ್ತು. ತಿರುಗಿಸಬೇಕಾದ ಅರೇ 512 ಬೈಟುಗಳ ತುಣುಕಾಗಿ ಒಡೆದು, 8,192 ಬೈಟಿನ ಬಫರಿನಲ್ಲಿ ಸೇರಿ, ಅಷ್ಟಷ್ಟಾಗಿ ಹೊರಬೀಳುತ್ತಿತ್ತು. ಇದರ ಫಲವಾಗಿ 2020ರ ಜಿಸಿಸಿ 10ರಲ್ಲಿ ಅನ್‌ಫಾರ್ಮ್ಯಾಟೆಡ್ ಫೈಲುಗಳ ಬಫರನ್ನು ಹಿಗ್ಗಿಸಲಾಯಿತು. ಕೈಪಿಡಿಯ ಪ್ರಕಾರ ಈಗ ಫಾರ್ಮ್ಯಾಟೆಡ್ ಫೈಲಿಗೆ 8,192 ಬೈಟು, ಅನ್‌ಫಾರ್ಮ್ಯಾಟೆಡ್‌ಗೆ 1,31,072. ಅದಕ್ಕಿಂತ ಮುಖ್ಯವಾಗಿ, ಬಳಸುವವರೇ ಅಳತೆ ಹೇಳಲು ಎರಡು ಎನ್ವಿರಾನ್‌ಮೆಂಟ್ ವೇರಿಯಬಲ್ ಬಂದವು: ಜಿಫೋರ್ಟ್ರಾನ್_ಫಾರ್ಮ್ಯಾಟೆಡ್_ಬಫರ್_ಸೈಜ್, ಜಿಫೋರ್ಟ್ರಾನ್_ಅನ್‌ಫಾರ್ಮ್ಯಾಟೆಡ್_ಬಫರ್_ಸೈಜ್. ಮೇಲಿನ ಮಳೆ ಲೆಕ್ಕದಂಥ ಬಿಡಿ ಓದಿಗೆ ಎರಡನೆಯದನ್ನು 8,192ಕ್ಕೆ ಇಳಿಸಬಹುದು, ದೊಡ್ಡ ಮಾದರಿಯ ಫಲಿತಾಂಶ ಬರೆಯುವಾಗ ಕೆಲವು ಮೆಗಾಬೈಟಿಗೆ ಏರಿಸಬಹುದು. ಮತ್ತೆ ಕಂಪೈಲ್ ಮಾಡುವುದೂ ಬೇಡ. ಸರಿಯಾದ ಉತ್ತರ ಬಳಕೆಯಿಂದ ಬಳಕೆಗೆ ಬದಲಾಗುವಾಗ, ನಿರ್ಧಾರವನ್ನು ಬಳಕೆದಾರರ ಕೈಗೆ ಕೊಟ್ಟದ್ದು ಈ ಲೈಬ್ರರಿ ಇಟ್ಟ ಅತ್ಯಂತ ವಿವೇಕದ ಹೆಜ್ಜೆ.

ಬಫರನ್ನು ಮನಬಂದಂತೆ ಹಿಗ್ಗಿಸದಿರಲು ಇನ್ನೊಂದು ಕಾರಣವಿದೆ: ತೆರೆದ ಪ್ರತಿ ಫೈಲಿಗೂ ಅದರದ್ದೇ ಬಫರ್. ಒಂದು ಸಾವಿರ ಫೈಲು ತೆರೆದಿಟ್ಟ ಪ್ರೋಗ್ರಾಂಗೆ 1,31,072ರಂತೆ 13 ಕೋಟಿ ಬೈಟಿಗೂ ಹೆಚ್ಚು ಮೆಮೊರಿ ಬರೀ ಬಫರಿಗೇ ಹೋಗುತ್ತದೆ. ಒಂದೇ ಯಂತ್ರದಲ್ಲಿ ಇಂಥ ಹತ್ತಾರು ಪ್ರತಿಗಳು ಓಡುತ್ತಿದ್ದರೆ ಅಷ್ಟು ಪಟ್ಟು.

ಇತರ ಕಂಪೈಲರುಗಳು

ಇಂಟೆಲ್ ಕಂಪೈಲರ್ ಓಪನ್ ಹೇಳಿಕೆಯಲ್ಲೇ ಬಫರ್ಡ್, ಬ್ಲಾಕ್‌ಸೈಜ್, ಬಫರ್‌ಕೌಂಟ್ ಎಂಬ ವಿಸ್ತರಣೆಗಳನ್ನು ಕೊಡುತ್ತದೆ. ಫೈಲಿನಿಂದ ಫೈಲಿಗೆ ಬೇರೆ ಅಳತೆ ಇಡಬಹುದು. ಫೋರ್ಟ್ರಾನ್ ಮಾನಕದಲ್ಲಿ ಇವು ಇಲ್ಲದಿರುವುದರಿಂದ ಬೇರೆ ಕಂಪೈಲರಿಗೆ ಒಯ್ದರೆ ಪ್ರೋಗ್ರಾಂ ಕಂಪೈಲ್ ಆಗದಿರಬಹುದು. ಎಲ್‌ಎಲ್‌ವಿಎಂ ಯೋಜನೆಯ ಫ್ಲ್ಯಾಂಗ್ ಕಂಪೈಲರಿನ ಲೈಬ್ರರಿ ಸಿ++ ಭಾಷೆಯಲ್ಲಿ ಹೊಸದಾಗಿ ಬರೆದದ್ದು. ಅಲ್ಲಿ ಬಫರ್ ವರ್ತುಲಾಕಾರದ್ದು, ಕನಿಷ್ಠ 65,536 ಬೈಟು, ಅಗತ್ಯ ಬಿದ್ದರೆ ಬೆಳೆಯುತ್ತದೆ.

ಬಫರಿನಲ್ಲಿ ಉಳಿದದ್ದು ಫೈಲಿನಲ್ಲಿಲ್ಲ

ವೇಗಕ್ಕೆ ತೆರುವ ಬೆಲೆಯೂ ಇದೆ. ಬಫರಿನಲ್ಲಿರುವುದು ಇನ್ನೂ ಪ್ರೋಗ್ರಾಂನ ಮೆಮೊರಿಯಲ್ಲೇ ಇದೆ. ಕರೆಂಟು ಹೋದರೆ, ಪ್ರೋಗ್ರಾಂ ಬಲವಂತವಾಗಿ ನಿಂತರೆ, ಅದು ಹೋದಂತೆಯೇ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ, ದಿನಕ್ಕೆ 96. ಅಂಥ ಒಂದು ಮಾಪಕದ ಅಂಕಿಗಳನ್ನು ಸಾಲಿಗೆ 40 ಬೈಟಿನಂತೆ ಬರೆದಿಡುವ ಫೋರ್ಟ್ರಾನ್ ಪ್ರೋಗ್ರಾಂ ಇದ್ದರೆ, 8,192 ಬೈಟಿನ ಬಫರ್ ತುಂಬಲು ಎರಡು ದಿನಕ್ಕೂ ಹೆಚ್ಚು ಬೇಕು. ಅಷ್ಟು ಹೊತ್ತಿನ ಮಳೆ ಫೈಲಿನಲ್ಲಿ ಕಾಣುವುದೇ ಇಲ್ಲ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲೋ ಗುರುಗುಂಟಾದಲ್ಲೋ ಸುರಿದ ಒಂದು ಅಡ್ಡಮಳೆಯ ದಾಖಲೆ ಬೆಳೆ ಪರಿಹಾರದ ಲೆಕ್ಕಕ್ಕೆ ಬೇಕಾದದ್ದು. ಅದು ಬಫರಿನಲ್ಲಿ ಕಾಯುತ್ತ ಕೂರಬಾರದು.

ಫೋರ್ಟ್ರಾನ್ 2003ರ ಮಾನಕ ಇದಕ್ಕೆ ಫ್ಲಶ್ ಹೇಳಿಕೆಯನ್ನು ಕೊಟ್ಟಿದೆ. ಅದರ ಮಿತಿಯನ್ನೂ ತಿಳಿದಿರಬೇಕು. ಜಿಫೋರ್ಟ್ರಾನ್‌ನಲ್ಲಿ ಫ್ಲಶ್ ಎಂದರೆ ಲೈಬ್ರರಿಯ ಬಫರನ್ನು ಕರ್ನಲಿಗೆ ಒಪ್ಪಿಸುವುದು. ಡಿಸ್ಕಿಗೆ ತಲುಪಿಸುವುದು ಅಲ್ಲ. ಕರ್ನಲ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು ತನಗೆ ಬೇಕಾದಾಗ ಬರೆಯುತ್ತದೆ. ಕರೆಂಟು ಹೋದರೂ ಉಳಿಯಬೇಕೆಂದರೆ ಫ್ಲಶ್ ಆದ ಮೇಲೆ ಎಫ್‌ಸಿಂಕ್ ಎಂಬ ಸಿಸ್ಟಂ ಕಾಲ್ ಮಾಡಬೇಕು. ಫೋರ್ಟ್ರಾನ್‌ನಿಂದ ಅದನ್ನು ಕರೆಯುವ ಬಗೆಯನ್ನು ಜಿಫೋರ್ಟ್ರಾನ್ ಕೈಪಿಡಿ ಉದಾಹರಣೆ ಸಮೇತ ತೋರಿಸುತ್ತದೆ. ಪ್ರತಿ ಸಾಲಿಗೂ ಎಫ್‌ಸಿಂಕ್ ಮಾಡಿದರೆ ಬಫರಿನ ಲಾಭವೆಲ್ಲ ಹೋಗುತ್ತದೆ. 15 ನಿಮಿಷಕ್ಕೊಂದು ಸಾಲಿಗೆ ಅದು ಹೊರೆಯೇ ಅಲ್ಲ, ಸೆಕೆಂಡಿಗೆ ಲಕ್ಷ ಸಾಲು ಬರೆಯುವ ಮಾದರಿಗೆ ಹೊರಲಾರದ ಭಾರ. ದೊಡ್ಡ ಯಂತ್ರಗಳಲ್ಲಿ ಕೆಲಸ ಒಪ್ಪಿಸಿದವರು ಲಾಗ್ ಫೈಲಿನಲ್ಲಿ ಗಂಟೆಗಟ್ಟಲೆ ಏನೂ ಬಾರದ್ದನ್ನು ಕಂಡು ಪ್ರೋಗ್ರಾಂ ನಿಂತಿತೆಂದು ಗಾಬರಿಯಾಗುವುದೂ ಬಫರಿನಿಂದಲೇ. ಅಲ್ಲೂ ಅಲ್ಲಲ್ಲಿ ಒಂದು ಫ್ಲಶ್ ಸಾಕು.

ಸಮಾಂತರ ಯಂತ್ರಗಳಲ್ಲಿ

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ 1986ರಲ್ಲಿ ಕಟ್ಟಿದ ಫ್ಲೋಸಾಲ್ವರ್ ದೇಶದ ಮೊದಲ ಸಮಾಂತರ ಗಣಕ. ಆ ಸರಣಿಯ ಮುಂದಿನ ಯಂತ್ರಗಳಲ್ಲಿ ಮುಂಗಾರು ಮುನ್ಸೂಚನೆಯ ಫೋರ್ಟ್ರಾನ್ ಮಾದರಿಗಳು ಓಡಿದವು. ಭಾರತೀಯ ವಿಜ್ಞಾನ ಸಂಸ್ಥೆಗೆ 2015ರಲ್ಲಿ ಕ್ರೇ ಎಕ್ಸ್‌ಸಿ40 ಯಂತ್ರವಾದ ಸಹಸ್ರ-ಟಿ ಬಂತು, 2022ರಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ. ಇಂಥ ಯಂತ್ರಗಳಲ್ಲಿ ಫೈಲು ಒಂದೇ ಡಿಸ್ಕಿನಲ್ಲಿರುವುದಿಲ್ಲ. ಲಸ್ಟರ್‌ನಂಥ ಫೈಲ್ ವ್ಯವಸ್ಥೆ ಅದನ್ನು ಪಟ್ಟಿ ಪಟ್ಟಿಯಾಗಿ ಹಲವು ಸರ್ವರುಗಳಲ್ಲಿ ಹಂಚಿಡುತ್ತದೆ, ಪಟ್ಟಿಯ ರೂಢಿಯ ಅಗಲ 10,48,576 ಬೈಟು. 8,192 ಬೈಟಿನ ಬಫರ್ ಖಾಲಿಯಾದಾಗಲೆಲ್ಲ ಒಂದೊಂದು ಬರಹದ ಕೋರಿಕೆ ಹೊರಡುವುದು ಇಲ್ಲಿ ದುಬಾರಿ. ಬಫರಿನ ಅಳತೆ ಪಟ್ಟಿಯ ಅಗಲಕ್ಕೆ ಹೊಂದಿಕೊಂಡಿದ್ದರೆ ಎಷ್ಟೋ ಅನುಕೂಲ.

ಲೆಕ್ಕ ನಡೆಯುತ್ತಿರುವಾಗಲೇ ಬರವಣಿಗೆಯೂ ನಡೆಯಲಿ ಎಂಬ ಟೇಪ್ ಕಾಲದ ಆಸೆಗೆ ಫೋರ್ಟ್ರಾನ್ 2003 ಅಸಿಂಕ್ರನಸ್ ಎಂಬ ಹೆಸರಿನಲ್ಲಿ ಮಾನಕದ ರೂಪ ಕೊಟ್ಟಿತು. ಜಿಫೋರ್ಟ್ರಾನ್ ಬಹುಕಾಲ ಆ ಪದವನ್ನು ಒಪ್ಪಿಕೊಂಡರೂ ಒಳಗೆ ಎಂದಿನಂತೆಯೇ ಬರೆಯುತ್ತಿತ್ತು; 2019ರ ಜಿಸಿಸಿ 9ರಿಂದ ಬೇರೆ ಥ್ರೆಡ್ಡಿನಲ್ಲಿ, ಅಂದರೆ ಲೆಕ್ಕದ ಜೊತೆಜೊತೆಗೇ ಓಡುವ ಇನ್ನೊಂದು ಎಳೆಯಲ್ಲಿ, ನಿಜವಾಗಿ ಬರೆಯತೊಡಗಿತು. ಹಲವು ಥ್ರೆಡ್ಡುಗಳು ಬೇರೆ ಬೇರೆ ಫೈಲು ಬಳಸುವಾಗಲೂ ಯೂನಿಟ್, ಅಂದರೆ ತೆರೆದ ಫೈಲಿನ ಸಂಖ್ಯೆ, ಹುಡುಕುವ ಒಂದೇ ಬೀಗಕ್ಕೆ ಸಾಲು ನಿಲ್ಲಬೇಕಾಗಿತ್ತು. 2024ರ ಜಿಸಿಸಿ 14ರಲ್ಲಿ ಆ ಬೀಗವನ್ನು, ಹುಡುಕುವವರೆಲ್ಲ ಒಟ್ಟಿಗೆ ಒಳಬರಬಹುದಾದ, ಸೇರಿಸುವವರು ಮಾತ್ರ ಕಾಯಬೇಕಾದ ಬಗೆಯದಕ್ಕೆ ಬದಲಿಸಲಾಗಿದೆ.